ಮ್ಯಾಗ್ನೆಟ್ ಹಿಡಿಯುವ ಮೊದಲು

ಚಿತ್ರದುರ್ಗದ ಕಡೆ ಹೊಲದಲ್ಲಿ ಸಿಗುವ ಕಪ್ಪು, ಭಾರದ ಕಲ್ಲು ಬಹುಪಾಲು ಕಬ್ಬಿಣದ ಅದಿರು, ಇಲ್ಲವೇ ಹಳೇ ಕುಲುಮೆಯ ಕಿಟ್ಟ. ಮ್ಯಾಗ್ನೆಟ್ ಅಂಟಿತು ಅಂತ ಅದು ಉಲ್ಕಾಶಿಲೆ ಆಗಿಬಿಡೋದಿಲ್ಲ. ಟೈಲ್ಸಿನ ಹಿಂಬದಿ, ಮೆರುಗಿಲ್ಲದ ಕಡೆ, ಕಲ್ಲಿನ ಒಂದು ಮೂಲೆಯನ್ನು ಉಜ್ಜಿ: ಕೆಂಪುಗಂದು ಗೆರೆ ಬಂದರೆ ಹೆಮಟೈಟ್, ಕಪ್ಪು ಬಂದರೆ ಮ್ಯಾಗ್ನೆಟೈಟ್, ಎರಡೂ ಕಬ್ಬಿಣದ ಅದಿರೇ. ತುಕ್ಕು ಹಿಡಿಯದ ಉಲ್ಕಾಶಿಲೆ ಸಾಮಾನ್ಯವಾಗಿ ಗೆರೆ ಬಿಡೋದಿಲ್ಲ. ಒಳಗೆ ಗುಳ್ಳೆ ಗುಳ್ಳೆ ಇದ್ದರೆ ಬಹುಪಾಲು ಕಿಟ್ಟವೇ.

ಅಸಲಿ ಉಲ್ಕಾಶಿಲೆಗೆ ಒಂದು ಮಿಲಿಮೀಟರೂ ದಪ್ಪವಿಲ್ಲದ ಕರಕಲು ಸಿಪ್ಪೆ ಇರುತ್ತದೆ. ಮುರಿದ ಕಡೆ ಲೆನ್ಸ್ ಇಟ್ಟರೆ ಬಹುಪಾಲು ಉಲ್ಕಾಶಿಲೆಗಳಲ್ಲಿ ಗಸಗಸೆಯಿಂದ ಸಾಸಿವೆಯಷ್ಟು ಗಾತ್ರದ ದುಂಡನೆಯ ಕಾಳುಗಳು ಕಾಣುತ್ತವೆ. ಇವೇ ಕಾಂಡ್ರೂಲ್. ಗ್ರಹಗಳು ಹುಟ್ಟುವ ಮೊದಲು, ಸೂರ್ಯನ ಸುತ್ತಲ ಧೂಳು ಕರಗಿ ಹನಿಯಾಗಿ, ಕೆಲವೇ ಗಂಟೆ–ದಿನಗಳಲ್ಲಿ ಗಟ್ಟಿಯಾದದ್ದು. ಧೂಳನ್ನು ಕರಗಿಸಿದ್ದು ಯಾವುದು ಅನ್ನೋ ಜಗಳ ಇನ್ನೂ ಮುಗಿದಿಲ್ಲ.

ಕೆಲವು ಕಲ್ಲುಗಳಲ್ಲಿ ಬಿಳಿ ಚುಕ್ಕೆಗಳೂ ಇರುತ್ತವೆ. 1969ರಲ್ಲಿ ಮೆಕ್ಸಿಕೋದಲ್ಲಿ ಬಿದ್ದ ಅಯೆಂಡೆ ಎಂಬ ಉಲ್ಕಾಶಿಲೆಯಲ್ಲಿ ಇವು ಬರಿಗಣ್ಣಿಗೇ ಕಾಣುತ್ತವೆ. ಕ್ಯಾಲ್ಸಿಯಂ, ಅಲ್ಯೂಮಿನಿಯಂ ತುಂಬಿದ ಈ ಚುಕ್ಕೆಗಳ ವಯಸ್ಸು ಸುಮಾರು 456.7 ಕೋಟಿ ವರ್ಷ. ನಮ್ಮ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಹಳೇ ಲಾವಾ ಕಲ್ಲೂ ಇದರ ಮುಂದೆ ನಿನ್ನೆ ಮೊನ್ನೆಯದು. ಬಹುತೇಕ ಕಾಂಡ್ರೂಲ್‌ಗಳು ಚುಕ್ಕೆಗಳಿಗಿಂತ ಸುಮಾರು 20 ಲಕ್ಷ ವರ್ಷ ಕಿರಿಯವು. ಈ ಅಂತರವೇ ಕಲ್ಲನ್ನು ಉಳಿಸಿದ್ದು. ಆಗ ಧೂಳಿನಲ್ಲಿ ಅಲ್ಯೂಮಿನಿಯಂ-26 ಇತ್ತು, ವಿಕಿರಣ ಸೂಸುತ್ತಾ ಸುಮಾರು 7.2 ಲಕ್ಷ ವರ್ಷಕ್ಕೊಮ್ಮೆ ಅರ್ಧಕ್ಕರ್ಧ ಕ್ಷಯಿಸಿ ಶಾಖ ಬಿಡುವ ವಸ್ತು. ಬೇಗ ಕೂಡಿಕೊಂಡ ದೊಡ್ಡ ಗುಂಡುಗಳು ಒಳಗಿಂದಲೇ ಕುದ್ದು, ಕಬ್ಬಿಣ ನಡುವಿಗೆ ಇಳಿಯಿತು. ತಡವಾಗಿ ಕೂಡಿದವಕ್ಕೆ ಅಷ್ಟು ಉರಿ ಉಳಿದಿರಲಿಲ್ಲ, ಕಾಳು ಕಾಳಾಗಿಯೇ ಉಳಿದವು.

ಇನ್ನು ಮ್ಯಾಗ್ನೆಟ್ ವಿಷಯ. 1940ರಲ್ಲಿ ಮಧ್ಯಪ್ರದೇಶದ ಸೆಮರ್ಕೋನಾದಲ್ಲಿ ಬಿದ್ದ ಉಲ್ಕಾಶಿಲೆಯ ತೂಕ ಒಂದು ಕಿಲೋಗೂ ಕಡಿಮೆ. ಅದರ ಕಾಂಡ್ರೂಲ್‌ಗಳು ತಣ್ಣಗಾಗುವಾಗ ಸುತ್ತಲಿನ ಕಾಂತಕ್ಷೇತ್ರವನ್ನು ಹಿಡಿದಿಟ್ಟಿದ್ದವು. 2014ರಲ್ಲಿ ಅಳೆದಾಗ ಸುಮಾರು 54 ಮೈಕ್ರೋಟೆಸ್ಲಾ, ಹೆಚ್ಚುಕಡಿಮೆ ಇವತ್ತಿನ ಭೂಮಿಯಷ್ಟೇ. ಸ್ಪೀಕರಿನಿಂದ ಕಿತ್ತ ಮ್ಯಾಗ್ನೆಟ್ ಒಮ್ಮೆ ತಾಗಿಸಿದರೂ ಇಂಥ ದಾಖಲೆ ಅಳಿಸಿಹೋಗುತ್ತದೆ. ಹಾಗಾಗಿ ಗೆರೆ, ಸಿಪ್ಪೆ, ಕಾಳು ನೋಡಿ ಸಾಕು ಮಾಡಿ.

ಬೋರ್‌ವೆಲ್ ನೀರಲ್ಲಂತೂ ತೊಳೆಯಬೇಡಿ. ಅದರ ಕ್ಲೋರೈಡ್ ಒಳಗಿನ ಕಬ್ಬಿಣ-ನಿಕ್ಕಲ್‌ಗೆ ತುಕ್ಕು ಹಿಡಿಸುತ್ತದೆ. ಬರಿಗೈಲಿ ಮುಟ್ಟದೆ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ, ಸಿಕ್ಕ ಜಾಗ, ದಿನಾಂಕ ಬರೆದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ತಿಳಿಸಿ.