ಹೊಳೆಯದ ಕಲ್ಲು: 9ನೇ ವಾರದ ದಾಖಲೆ

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ದಕ್ಷಿಣ ಅಂಚಿನಲ್ಲಿರುವ ಸೌತ್ ಮೌಂಟನ್ ಉದ್ಯಾನದ ಒಂದೇ ಕಣಿವೆಯನ್ನು ಫೆಬ್ರುವರಿ ಕೊನೆಯಿಂದ ಪ್ರತಿ ಭಾನುವಾರ ಹತ್ತಿ ಇಳಿಯುತ್ತಿದ್ದೇನೆ. ಅಲ್ಲಿನ ಹಲ್ಲಿ, ಓತಿ, ಹಾವುಗಳ ಮೈಬಣ್ಣವು ಅವು ಕೂರುವ ಕಲ್ಲಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ಛಾಯಾಚಿತ್ರಗಳಲ್ಲಿ ದಾಖಲಿಸುವುದು ಈ ಹವ್ಯಾಸದ ಉದ್ದೇಶ. ಪ್ರಾಣಿ ಸಿಕ್ಕ ಜಾಗದಲ್ಲೇ, ಅದೇ ಬೆಳಕಿನಲ್ಲಿ ಬೂದು ಬಣ್ಣದ ಅಳತೆಪಟ್ಟಿಯೊಂದನ್ನು ಇಟ್ಟು ಚಿತ್ರ ತೆಗೆದರೆ, ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣಗಳನ್ನು ನ್ಯಾಯವಾಗಿ ಹೋಲಿಸಬಹುದು.

ಎಂಟು ವಾರಗಳಲ್ಲಿ ಸಿಕ್ಕಿದ್ದು ಸಣ್ಣ ಹಲ್ಲಿಗಳು ಮತ್ತು ಈ ಬೆಟ್ಟಕ್ಕೇ ಹೆಸರು ತಂದಿರುವ ಕಿತ್ತಳೆ ಬಾಲದ ದೊಡ್ಡ ಓತಿಗಳಾದ ಗಂಡು ಚಕ್‌ವಾಲಾಗಳು ಮಾತ್ರ. ಅರಿಜೋನಾದಲ್ಲಿ ಬಾಲದ ಗಿಲಕಿಯಿಂದ ಸದ್ದು ಮಾಡುವ ವಿಷದ ಹಾವುಗಳಾದ 13 ಜಾತಿಯ ರ‍್ಯಾಟಲ್‌ಸ್ನೇಕ್‌ಗಳಿದ್ದರೂ ಒಂದೂ ಕಾಣಿಸಿರಲಿಲ್ಲ. ನನಗೆ ಬೇಕಾಗಿದ್ದದ್ದು ಸ್ಪೆಕಲ್ಡ್ ರ‍್ಯಾಟಲ್‌ಸ್ನೇಕ್, ಅಂದರೆ ಕ್ರೋಟಲಸ್ ಪಿರಸ್. ಬೆಟ್ಟ ಬದಲಾದಂತೆ ಇದರ ಬಣ್ಣವೂ ಬದಲಾಗುತ್ತದೆ. ತಿಳಿ ಗ್ರಾನೈಟಿನ ಬೆಟ್ಟಗಳಲ್ಲಿ ಹೆಚ್ಚುಕಡಿಮೆ ಬಿಳಿಯಾಗಿ, ಬೇರೆಡೆ ಕಿತ್ತಳೆಯಾಗಿ ಅಥವಾ ಕಂದಾಗಿ ಕಾಣುವ ಈ ಹಾವಿಗೆ ಸೌತ್ ಮೌಂಟನ್ ಒಳ್ಳೆಯ ಪರೀಕ್ಷೆ. ಏಕೆಂದರೆ ಬೆಟ್ಟದ ಪಶ್ಚಿಮಾರ್ಧವು ಸುಮಾರು 170 ಕೋಟಿ ವರ್ಷ ಹಳೆಯ ನೈಸ್ ಶಿಲೆ, ಪೂರ್ವಾರ್ಧವು ಅದಕ್ಕಿಂತ ತೀರಾ ಎಳೆಯದಾದ, ಗ್ರಾನೈಟನ್ನು ಹೋಲುವ ಗ್ರಾನೋಡಯೊರೈಟ್.

ಈ ಭಾನುವಾರ ಬೆಳಿಗ್ಗೆ ಏಳೂಕಾಲರ ಸುಮಾರಿಗೆ, ಮೊಣಕಾಲೆತ್ತರದ ಕಲ್ಲುಜಗಲಿಯೊಂದರ ಮೇಲೆ ಅಳತೆಪಟ್ಟಿ ಇಡಲು ಕೈ ಚಾಚಿದೆ. ಓರೆಬಿಸಿಲಿಗೆ ಕಲ್ಲಿನ ಅಭ್ರಕದ ಕಣಗಳೆಲ್ಲ ಮಿನುಗುತ್ತಿದ್ದವು; ನಡುವೆ ಊಟದ ತಟ್ಟೆಯಷ್ಟಗಲದ ಒಂದು ಜಾಗ ಮಾತ್ರ ಮಿನುಗುತ್ತಿರಲಿಲ್ಲ. ಇಷ್ಟೇ ವ್ಯತ್ಯಾಸ. ಕೈ ಗಾಳಿಯಲ್ಲೇ ನಿಂತಿತು. ಮಸುಕಾದ ಆ ಜಾಗದ ಅಂಚಿನಲ್ಲಿ ಕಪ್ಪುಬಿಳುಪು ಬಳೆ ತೊಡಿಸಿದಂಥ ಬಾಲದ ತುದಿ ಕಂಡ ಮೇಲೆಯೇ ಉಳಿದ ಸುರುಳಿ ಅರ್ಥವಾಯಿತು. ನನ್ನ ಬೆರಳಿಗೂ ಅದಕ್ಕೂ ನಡುವೆ ಮೊಳಕ್ಕಿಂತ ತುಸು ಹೆಚ್ಚು ಅಂತರವಿತ್ತು.

ಎರಡು ಮೀಟರ್ ಹಿಂದೆ ಸರಿದು ಕ್ಯಾಮೆರಾ ಕಣ್ಣಿಗಿಟ್ಟರೆ ಹಾವಿಲ್ಲ! ಎಲ್ಲಿದೆ ಎಂದು ಗೊತ್ತಿದ್ದೂ ಅದನ್ನು ಮತ್ತೆ ಹುಡುಕಲು ಒಂದೆರಡು ನಿಮಿಷವೇ ಬೇಕಾಯಿತು. ಹಗ್ಗವನ್ನು ಹಾವೆಂದು ಭ್ರಮಿಸುವ ದೃಷ್ಟಾಂತವನ್ನು ಕೇಳಿ ಬೆಳೆದವನಿಗೆ ಇಲ್ಲಿ ಹಾವೇ ಕಲ್ಲಾಗಿತ್ತು. ಕೊನೆಗೆ ಒಮ್ಮೆ ಹೊರಬಂದು ಒಳಸರಿದ ಕರಿಯ ನಾಲಗೆಯೇ ಜಾಗ ತೋರಿಸಿತು.

ನಲವತ್ತು ನಿಮಿಷ ಅಲ್ಲಿದ್ದರೂ ಅದು ಒಮ್ಮೆಯೂ ಗಿಲಕಿ ಅಲ್ಲಾಡಿಸಲಿಲ್ಲ. ಹೊಂಚು ಹಾಕಿ ಬೇಟೆಯಾಡುವ ಪ್ರಾಣಿಗೆ ಸದ್ದು ಮಾಡುವುದೆಂದರೆ ತನ್ನ ಅಡಗುತಾಣವನ್ನು ತಾನೇ ಸಾರಿದಂತೆ. ಮೈಬಣ್ಣ ಕಾಪಾಡುತ್ತಿರುವಷ್ಟು ಹೊತ್ತು ಅದಕ್ಕೆ ಬೇರೆ ರಕ್ಷಣೆ ಬೇಕಾಗಿರುವುದಿಲ್ಲ. ಸದ್ದು ಕೇಳಿಸಲಿಲ್ಲವಾದ್ದರಿಂದ ಹಾವಿಲ್ಲ ಎಂದುಕೊಂಡು ನಡೆಯುವವರು ಇಲ್ಲಿ ಬಹಳ. ಮೊನ್ನೆಯವರೆಗೆ ನಾನೂ ಅವರಲ್ಲೊಬ್ಬ. ತಲೆಯನ್ನು ಹೊರಸುರುಳಿಯ ಮೇಲಿಟ್ಟು ಅದು ನೋಡುತ್ತಿದ್ದದ್ದು ನನ್ನನ್ನಲ್ಲ, ಚೋಯಾ ಕಳ್ಳಿಯ ತುಂಡುಗಳನ್ನು ಪೇರಿಸಿ ಕಟ್ಟಿದ ಪ್ಯಾಕ್‌ರ‍್ಯಾಟ್ ಇಲಿಯ ಗೂಡಿನ ಬಾಯನ್ನು. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಶಾಖವನ್ನು ಗ್ರಹಿಸುವ ಕುಳಿ ಸ್ಪಷ್ಟವಾಗಿತ್ತು. ನಮ್ಮ ಮಲೆನಾಡಿನ ಕುಳಿಮಂಡಲಗಳೂ ಇದೇ ಉಪಕುಟುಂಬದವು.

ಗಿಲಕಿಯಲ್ಲಿ ಆರು ಉಂಗುರಗಳಿದ್ದವು. ನಮ್ಮ ಉಗುರಿನಲ್ಲಿರುವ ಕೆರಾಟಿನ್ನಿನಿಂದಲೇ ಆದ ಈ ಟೊಳ್ಳು ಉಂಗುರಗಳು ಒಂದಕ್ಕೊಂದು ಸಡಿಲವಾಗಿ ಸಿಕ್ಕಿಕೊಂಡಿದ್ದು, ಪ್ರತಿ ಸಲ ಪೊರೆ ಬಿಟ್ಟಾಗ ಬುಡದಲ್ಲಿ ಹೊಸದೊಂದು ಸೇರುತ್ತದೆ. ಮರಿಯಾಗಿದ್ದಾಗಿನ ಗುಂಡಿಯಾಕಾರದ ತುದಿ ಇದರಲ್ಲಿ ಮುರಿದುಹೋಗಿತ್ತು. ಆದ್ದರಿಂದ ಎಷ್ಟು ಉದುರಿವೆಯೆಂದು ಹೇಳಲಾಗದು, ಉಂಗುರ ಎಣಿಸಿ ವಯಸ್ಸು ಹೇಳುವುದಂತೂ ಆಗದ ಮಾತು.

ಅಳತೆಯ ಕೆಲಸ ಅರ್ಧ ಕೆಟ್ಟಿತು. ಪಟ್ಟಿಯನ್ನು ಹಾವಿನ ಪಕ್ಕದಲ್ಲಿ ಇಡುವಂತಿರಲಿಲ್ಲವಾದ್ದರಿಂದ ಬದಿಯ ಬಂಡೆಯ ಮೇಲಿಟ್ಟೆ. ಆ ಬಂಡೆ ಮೊದಲ ಇಪ್ಪತ್ತು ನಿಮಿಷ ನೆರಳಿನಲ್ಲಿದ್ದದ್ದನ್ನು ಗಮನಿಸಲೇ ಇಲ್ಲ. ಉಳಿದ ಚಿತ್ರಗಳ ಪ್ರಕಾರ ಹಾವಿನ ತಿಳಿಬಣ್ಣವು ಕಲ್ಲಿನ ತಿಳಿಬಣ್ಣಕ್ಕೆ ತೀರಾ ಹತ್ತಿರವಿದೆ, ಆದರೆ ಅದರ ಚುಕ್ಕೆಗಳು ಅಭ್ರಕದಷ್ಟು ಕಪ್ಪಗಿಲ್ಲ. ಆ ಕೊರತೆ ಬರಿಗಣ್ಣಿಗೆ ತಿಳಿಯಲೇ ಇಲ್ಲ. ನಡುವೆ ಉಬ್ಬುಗೆರೆಯಿರುವ ಹಾವಿನ ಹುರುಪೆಗಳು ಬೆಳಕನ್ನು ಚದುರಿಸುತ್ತವೆ, ಕಲ್ಲಿನ ಹರಳುಗಳು ಅದನ್ನು ಹಿಂದಿರುಗಿಸುತ್ತವೆ. ಹಾವಿನ ಗುಟ್ಟು ಬಿಟ್ಟುಕೊಟ್ಟದ್ದು ಈ ಹೊಳಪಿನ ಅಭಾವ. ಇನ್ನು ಮುಂದೆ ಸೂರ್ಯನಿಗೆ ಎದುರಾಗಿ ನಿಂತು, ಬಣ್ಣ ಹುಡುಕುವ ಬದಲು ಮಂಕಾದ ಜಾಗ ಹುಡುಕುವುದೆಂದು ಕ್ರಮವನ್ನು ಬದಲಿಸಿದ್ದೇನೆ. ಕೈ ಚಾಚುವ ಮುನ್ನ ನೋಡುವುದು ಹೇಗೂ ಸೇರಿತು. ಚಿತ್ರಗಳಿಂದ ಸ್ಥಳದ ಗುರುತುಗಳನ್ನು ಅಳಿಸಿದ್ದೇನೆ.

10ನೇ ವಾರ, ಬೆಳಿಗ್ಗೆ 7:05: ಜಗಲಿ ಖಾಲಿ. ಹಾಗೆಂದು ಬರೆಯುವ ಮುನ್ನ ಬೈನಾಕ್ಯುಲರಿನಲ್ಲಿ ಮೂರು ಸಲ ನೋಡಿದೆ.