ಫಾರ್ಮ್‌ವಿಲ್‌ನ ಬೋರ್ಡು, ಅಪ್ಪನ ಮೂರನೇತ್ತೆ

ಅಪ್ಪ ಇಲ್ಲಿಗೆ, ಅಮೆರಿಕಕ್ಕೆ, ಬಂದಿದ್ದಾಗ ಒಂದು ಭಾನುವಾರ ಫಾರ್ಮ್‌ವಿಲ್ ಕಡೆ ಹೋಗಿದ್ದೆವು. ರಿಚ್ಮಂಡ್‌ನಿಂದ ಹತ್ತಿರ ಹತ್ತಿರ ಒಂದೂವರೆ ತಾಸಿನ ದಾರಿ. ವರ್ಜೀನಿಯಾದ ರಸ್ತೆಗಳ ಬದಿಗೆ ಎಲ್ಲಿ ನೋಡಿದರೂ ಚರಿತ್ರೆಯ ಬೋರ್ಡುಗಳು. ಬೆಳ್ಳಿ ಬಣ್ಣದ ಹಲಗೆ, ಕಪ್ಪು ಅಕ್ಷರ, ಮೇಲೆ ರಾಜ್ಯದ ಮುದ್ರೆ. 1927ರಿಂದ ನೆಡುತ್ತಲೇ ಬಂದಿದ್ದಾರೆ, ಈಗ 2,500ಕ್ಕೂ ಜಾಸ್ತಿ ಇವೆ. ಹತ್ತು ವರ್ಷದಿಂದ ಅವುಗಳ ಪಕ್ಕದಲ್ಲೇ ಓಡಾಡಿದ್ದೇನೆ. ಇಳಿದು ಓದಿದ್ದು ಒಂದೂ ಇಲ್ಲ. ಅಪ್ಪ ಬಿಡಬೇಕಲ್ಲ? ಜೀವನಪೂರ್ತಿ ಮಾಸ್ತರಾಗಿದ್ದವರು. "ಗಾಡಿ ನಿಲ್ಲಸವಾ, ಏನ್ ಬರದಾರ ನೋಡೂಣು" ಅಂದರು.

ಅದು ರಾಬರ್ಟ್ ರಸ್ಸಾ ಮೋಟನ್ ಹೈಸ್ಕೂಲಿನ ಮುಂದಿನ ಬೋರ್ಡು. ಕರಿಯ ಮಕ್ಕಳಿಗೆಂದೇ ಕಟ್ಟಿದ್ದ ಶಾಲೆ. 1939ರಲ್ಲಿ ಕಟ್ಟಿದಾಗ ಜಾಗ ಇದ್ದಿದ್ದು 180 ಮಕ್ಕಳಿಗೆ, ಹತ್ತು ವರ್ಷ ಕಳೆಯುವಷ್ಟರಲ್ಲಿ ಬಂದವರು 400ಕ್ಕೂ ಹೆಚ್ಚು. ಹೊಸ ಕಟ್ಟಡ ಕೊಡುವ ಬದಲು ಹಲಗೆ ಹೊಡೆದು, ಡಾಂಬರು ಕಾಗದ ಸುತ್ತಿದ ಶೆಡ್ಡು ಹಾಕಿಕೊಟ್ಟರು. ಮಳೆ ಬಂದರೆ ಸೋರುತ್ತಿತ್ತು. ಒಲೆಯ ಹತ್ತಿರ ಕೂತವರಿಗೆ ಸೆಕೆ, ದೂರ ಕೂತವರು ಕೋಟು ಹಾಕಿಕೊಂಡೇ ಪಾಠ ಕೇಳಬೇಕು. 1951ರ ಏಪ್ರಿಲ್ 23ರಂದು ಬಾರ್ಬರಾ ಜಾನ್ಸ್ ಎಂಬ 16 ವರ್ಷದ ಹುಡುಗಿ, ಹೆಡ್‌ಮಾಸ್ತರರು ಹೊರಗೆ ಹೋಗುವಂತೆ ಉಪಾಯ ಮಾಡಿ, ಎಲ್ಲರನ್ನೂ ಸಭೆ ಸೇರಿಸಿ, ಶಾಲೆಯ ಮಕ್ಕಳನ್ನೆಲ್ಲ ಮುಷ್ಕರಕ್ಕೆಂದು ಹೊರಗೆ ನಡೆಸಿಕೊಂಡು ಹೋದಳು. ಆ ಮಕ್ಕಳ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬಣ್ಣ ನೋಡಿ ಶಾಲೆ ಬೇರೆ ಮಾಡುವಂತಿಲ್ಲ ಎಂದ 1954ರ ತೀರ್ಪಿನಲ್ಲಿ ಸೇರಿದ್ದ ಐದು ಕೇಸುಗಳಲ್ಲಿ ಇದೂ ಒಂದು.

ಆಮೇಲಿನದ್ದು ಇನ್ನೂ ಘೋರ. ಒಟ್ಟಿಗೆ ಕೂರಿಸುವುದಕ್ಕಿಂತ ಮುಚ್ಚುವುದೇ ವಾಸಿ ಅಂತ ಆ ಕೌಂಟಿಯವರು (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದಂತೆ) 1959ರಲ್ಲಿ ಸರಕಾರಿ ಶಾಲೆಗಳನ್ನೆಲ್ಲ ಮುಚ್ಚಿಬಿಟ್ಟರು. ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಉಳಿದ ಮಕ್ಕಳು? 1964ರಲ್ಲಿ ಕೋರ್ಟು ಬಾಗಿಲು ತೆಗೆಸುವವರೆಗೆ ಐದು ವರ್ಷ ಸರಕಾರಿ ಶಾಲೆಗಳು ತೆರೆಯಲೇ ಇಲ್ಲ, ಎಷ್ಟೋ ಮಕ್ಕಳಿಗೆ ಶಾಲೆಯೇ ಇರಲಿಲ್ಲ.

ಮಗಳಿಗೆ ಹನ್ನೊಂದು ವರ್ಷ. ಓದಿ ಓದಿ ಅಜ್ಜನಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಮುಗಿದ ಮೇಲೆ ಕೇಳಿದಳು: "ಅಜ್ಜಾ, ಇದು ಇವರದೇ ತಪ್ಪಲ್ವಾ? ಅದನ್ನೂ ಬರೆದು ಹಾಕಿದಾರಲ್ಲ! ನಿಮ್ಮ ಸಾಲಿ ಮುಂದೆ ಏನಂತ ಬೋರ್ಡ್ ಇದೆ?"

ನಮ್ಮೂರ ಶಾಲೆಯ ಗೋಡೆಯ ಮೇಲೆ ಇರುವುದು ಕೋಣೆ ಕಟ್ಟಿಸಿಕೊಟ್ಟ ದಾನಿಗಳ ಹೆಸರು. ಅಪ್ಪ ಅದನ್ನು ಹೇಳಲಿಲ್ಲ. ಬೋರ್ಡಿನ ಮೇಲಿನ 1959ರ ಮೇಲೆ ಬೆರಳಿಟ್ಟರು. "ಆಗ ನಾ ಮೂರನೇತ್ತೆ ಇದ್ದೆ" ಅಂದರು. ಅಂದರೆ ಮೂರನೇ ತರಗತಿ. "ನನ್ ಜೋಡಿ ಒಬ್ಬ ಹುಡುಗ ಇದ್ದ. ಹೊರಗ ಕಟ್ಟಿ ಮ್ಯಾಲ ಕೂಡತಿದ್ದ. ಅವನ ಪಾಟಿ ಮಾಸ್ತರು ಮುಟ್ಟತಿರಲಿಲ್ಲ. ದೂರಿಂದನ ನೋಡಿ, ಸರಿ ಐತಿ, ತಪ್ಪೈತಿ ಅಂತಿದ್ರು."

"ಅವನ ಹೆಸರೇನು, ಅಜ್ಜಾ?"

ಅಪ್ಪ ಬಹಳ ಹೊತ್ತು ನಿಂತರು. ನೆನಪಾಗಲಿಲ್ಲ.

ಇಲ್ಲಿಯವರೂ ಇಂಥ ಬೋರ್ಡು ಸುಮ್ನೆ ಹಾಕಿದವರಲ್ಲ. ಎಷ್ಟೋ ವರ್ಷ ಯುದ್ಧ, ದಂಡನಾಯಕರು, ದೊಡ್ಡ ಮನೆತನಗಳದ್ದೇ ಮಾತಾಗಿತ್ತು. ಕೇಳಿದವರು ಬಿಡದೆ ಕೇಳಿದ್ದರಿಂದ ಇದು ಬಂತು. ನಮ್ಮಲ್ಲಿ ಕೇಳಿದವರು ಇರಲಿಲ್ಲವೇ? ಬಾರ್ಬರಾಗಿಂತ ಸುಮಾರು ನೂರು ವರ್ಷ ಮೊದಲು, 1856ರಲ್ಲಿ, ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅಸ್ಪೃಶ್ಯರೆಂದು ದೂರವಿಟ್ಟಿದ್ದ ಮಹಾರ್ ಜಾತಿಯ ಒಬ್ಬ ಹುಡುಗ ಮುಂಬಯಿ ಸರಕಾರಕ್ಕೆ ಅರ್ಜಿ ಬರೆದಿದ್ದ. ಫೀ ಕೊಡಲೂ ತಯಾರಿದ್ದ. ಅವನೊಬ್ಬನನ್ನು ಸೇರಿಸಿಕೊಂಡರೆ ಬೇರೆ ಯಾರೂ ಜೊತೆಗೆ ಕೂರುವುದಿಲ್ಲ, ಶಾಲೆಯಿಂದ ಊರಿಗೇ ಉಪಯೋಗವಿಲ್ಲದಂತಾಗುತ್ತದೆ ಎಂದು ಸರಕಾರ ಕೈಬಿಟ್ಟಿತು. ನಾನು ಧಾರವಾಡದಲ್ಲೇ ಐದು ವರ್ಷ ಕಾಲೇಜಿಗೆ ಓಡಾಡಿದವಳು. ಬೇಂದ್ರೆಯವರ ಮನೆಯ ದಾರಿ ಯಾರು ಕೇಳಿದರೂ ತೋರಿಸುತ್ತಿದ್ದೆ, ಹೆಮ್ಮೆಯಿಂದ. ಈ ಹುಡುಗನ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಊರು ಬಿಟ್ಟು ಇಷ್ಟು ದೂರ ಬಂದು ಓದಿ ತಿಳಿದುಕೊಂಡೆ.

ಅಪ್ಪ ಊರಿಗೆ ಮರಳಿ ಮೂರು ವಾರವಾಯಿತು. ಮೊನ್ನೆ ಫೋನಿನಲ್ಲಿ ಮೊದಲು ಮೊಮ್ಮಗಳನ್ನೇ ಕೇಳಿದರು. ಶಾಲೆಗೆ ಹೋಗಿ ಬಂದರಂತೆ. 1959ರ ಹಾಜರಿ ಪುಸ್ತಕ ಇದ್ದರೆ ಅಟ್ಟದ ಮೇಲಿನ ಟ್ರಂಕಿನಲ್ಲೇ ಇರಬೇಕಂತೆ. ಬೀಗದ ಕೈ ಇರುವವರು ರಜೆ ಮೇಲೆ ಹೋಗಿದ್ದಾರೆ, ಸೋಮವಾರ ಬರುತ್ತಾರಂತೆ.