ಟಪಾಲಿನ ದಾರಿ ಹಿಡಿದು ಲೀಸ್‌ಬರ್ಗ್‌ವರೆಗೆ

ಮಗಳ ಮನೆಯಲ್ಲಿ ಕಳೆದ ಎರಡು ತಿಂಗಳಲ್ಲಿ ನಯಾಗರಾ, ನ್ಯೂಯಾರ್ಕ್ ಎಲ್ಲವನ್ನೂ ನೋಡಿದ್ದಾಯಿತು. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಮಲೆನಾಡಿನ ತಾಲ್ಲೂಕು ಕಚೇರಿಯೊಂದರಲ್ಲಿ 34 ವರ್ಷ ಟಪಾಲು, ಕಡತ, ಟಿಪ್ಪಣಿಗಳ ನಡುವೆ ಬದುಕಿ, ಶಿರಸ್ತೇದಾರಳಾಗಿ ನಿವೃತ್ತಳಾದ ನನ್ನನ್ನು ಹಿಡಿದು ನಿಲ್ಲಿಸಿದ್ದು ವಾಷಿಂಗ್ಟನ್ನಿನಲ್ಲಿ ಓದಿದ ಒಂದು ಸುತ್ತೋಲೆ. ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರು 1801ರ ನವೆಂಬರ್ 6ರಂದು ತಮ್ಮ ಇಲಾಖಾ ಮುಖ್ಯಸ್ಥರಿಗೆ ಕಳಿಸಿದ ಸುತ್ತೋಲೆ ಅದು.

ಅದನ್ನು ಓದುವುದಕ್ಕೆ ಮೊದಲು ಒಂದು ದಿನ ವ್ಯರ್ಥವಾಯಿತು. ಲೈಬ್ರರಿ ಆಫ್ ಕಾಂಗ್ರೆಸ್‌ನ ಹಸ್ತಪ್ರತಿ ವಿಭಾಗಕ್ಕೆ ಹೋಗಲು ಪಾಸ್‌ಪೋರ್ಟಿನ ಜೆರಾಕ್ಸ್ ಪ್ರತಿ ಸಾಕು ಎಂದು ಪರಿಚಿತರೊಬ್ಬರು ಖಚಿತವಾಗಿ ಹೇಳಿದ್ದರು. ಅದು ಸಾಲದು. ಮೂಲ ಪಾಸ್‌ಪೋರ್ಟನ್ನೇ ತೋರಿಸಿ ಓದುಗರ ಚೀಟಿ ಮಾಡಿಸಿಕೊಳ್ಳಬೇಕು; ಚೀಟಿಗೆ ಹಣವಿಲ್ಲ. ಹಸ್ತಪ್ರತಿ ವಿಭಾಗದೊಳಕ್ಕೆ ಕೈಚೀಲವಾಗಲಿ ಪೆನ್ನಾಗಲಿ ಒಯ್ಯುವಂತಿಲ್ಲ, ಸೀಸದಕಡ್ಡಿಯಲ್ಲೇ ಬರೆದುಕೊಳ್ಳಬೇಕು. ಈ ನಿಯಮ ನನಗೆ ಬಹಳ ಹಿಡಿಸಿತು, ಏಕೆಂದರೆ ಹಳೆಯ ಪಹಣಿ ಪುಸ್ತಕದ ಮೇಲೆ ಪೆನ್ನಿನ ಶಾಯಿ ಚೆಲ್ಲಿದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡವಳು. ಜೆಫರ್ಸನ್ ಕಾಗದಪತ್ರಗಳ ಚಿತ್ರಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವುದರಿಂದ ಮೂಲ ಪ್ರತಿಗಳನ್ನು ಸಾಮಾನ್ಯವಾಗಿ ಕೈಗೆ ಕೊಡುವುದಿಲ್ಲ. ಹೋಗುವವರು ಇದನ್ನು ತಿಳಿದೇ ಹೋಗಬೇಕು. ನಾನೂ ಮಗಳೂ ಓದಿದ್ದು ಪರದೆಯ ಮೇಲೆಯೇ.

ಜೆಫರ್ಸನ್ ಅಧಿಕಾರ ವಹಿಸಿಕೊಂಡು ಆಗ ಎಂಟು ತಿಂಗಳಾಗಿತ್ತು. ವಿದೇಶಾಂಗಕ್ಕೆ ಜೇಮ್ಸ್ ಮ್ಯಾಡಿಸನ್, ಖಜಾನೆಗೆ ಆಲ್ಬರ್ಟ್ ಗ್ಯಾಲಟಿನ್, ಯುದ್ಧ ಇಲಾಖೆಗೆ ಹೆನ್ರಿ ಡಿಯರ್‌ಬಾರ್ನ್, ನೌಕಾ ಇಲಾಖೆಗೆ ರಾಬರ್ಟ್ ಸ್ಮಿತ್ ಇದ್ದರು. ನಾವೆಲ್ಲರೂ ಈ ಕೆಲಸಕ್ಕೆ ಹೊಸಬರು, ಪತ್ರಗಳನ್ನು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ನಡೆಸುತ್ತಿದ್ದೇವೆ, ಎಲ್ಲರಿಗೂ ಒಂದೇ ಕ್ರಮ ಇರಲಿ ಎಂದು ಸುತ್ತೋಲೆ ಆರಂಭವಾಗುತ್ತದೆ. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಸಂಪುಟದಲ್ಲಿ ತಾವೇ ವಿದೇಶಾಂಗ ಕಾರ್ಯದರ್ಶಿಯಾಗಿದ್ದಾಗ ಕಂಡ ಪದ್ಧತಿಯನ್ನು ಜೆಫರ್ಸನ್ ಅನಂತರ ವಿವರಿಸುತ್ತಾರೆ. ಅಧ್ಯಕ್ಷರ ಹೆಸರಿಗೆ ಬಂದ ಪತ್ರವನ್ನು ಅವರು ಸಂಬಂಧಪಟ್ಟ ಇಲಾಖೆಗೆ ಕಳಿಸುತ್ತಿದ್ದರು. ಇಲಾಖೆಗೆ ಬಂದ ಪತ್ರಕ್ಕೆ ಉತ್ತರ ಬೇಕಿಲ್ಲದಿದ್ದರೆ ಅದು ಬರಿಯ ಮಾಹಿತಿಗಾಗಿ ಅಧ್ಯಕ್ಷರ ಬಳಿಗೆ ಹೋಗುತ್ತಿತ್ತು, ಉತ್ತರ ಬೇಕಿದ್ದರೆ ಕರಡಿನೊಂದಿಗೆ ಹೋಗುತ್ತಿತ್ತು. ಓದಿ ಸುಮ್ಮನೆ ಹಿಂದಿರುಗಿಸಿದರೆ ಒಪ್ಪಿಗೆ ಎಂದರ್ಥ. ಸಣ್ಣ ತಿದ್ದುಪಡಿ ಬೇಕೆನಿಸಿದರೆ ಒಂದು ಚೀಟಿ ಬರುತ್ತಿತ್ತು. ಸಂಶಯ ದೊಡ್ಡದಾಗಿದ್ದರೆ ಎದುರೆದುರು ಕೂತು ಮಾತನಾಡಲು ಎತ್ತಿಡುತ್ತಿದ್ದರು.

'ಅವಗಾಹನೆಗಾಗಿ', 'ಕರಡು ಅನುಮೋದನೆಗಾಗಿ', 'ಚರ್ಚಿಸಿ' ಎಂದು ನಾನು ಜೀವಮಾನವಿಡೀ ಕಡತದ ಅಂಚಿನಲ್ಲಿ ಬರೆದ ಮತ್ತು ಓದಿದ ಷರಾಗಳೆಲ್ಲ ಇನ್ನೂರು ವರ್ಷ ಹಿಂದಿನ ಆ ಹಾಳೆಯಲ್ಲಿದ್ದವು. ಕಣ್ಣು ತುಂಬಿ ಬಂತು.

ಮಗಳಿಗೆ ಮಾತ್ರ ಒಂದು ವಿಷಯ ಒಪ್ಪಿಗೆಯಾಗಲಿಲ್ಲ. "ಅಮ್ಮಾ, ಏನೂ ಬರೆಯದೆ ವಾಪಸ್ ಕಳಿಸಿದರೆ ಒಪ್ಪಿಗೆ ಅಂತ ಹೇಗೆ ತಿಳ್ಕೊಳ್ಳೋದು? ನಾಳೆ ತಪ್ಪಾದರೆ ಯಾರ ತಲೆಗೆ ಬರುತ್ತೆ?" ಎಂದು ಕೇಳಿದಳು.

"ಓದಿದವರ ತಲೆಗೆ. ಇಲ್ಲಿ ನೋಡು, ನಡೆದದ್ದಕ್ಕೆಲ್ಲ ಅಧ್ಯಕ್ಷರು ತಾವೇ ಹೊಣೆ ಹೊರುತ್ತಿದ್ದರು ಅಂತ ಬರೆದಿದಾರೆ" ಎಂದೆ.

"ನಿಮ್ಮ ಕಚೇರೀಲಿ ಹಾಗೆ ನಡೀತಿತ್ತಾ?"

"ಇಲ್ಲ ಮಗಳೇ. ನಮ್ಮಲ್ಲಿ ಸಹಿ ಇಲ್ಲದೆ ಬಂದ ಕಡತ ಅಂದರೆ ಯಾರೂ ನೋಡದ ಕಡತ."

"ಪ್ರತಿಯೊಂದೂ ಅವರ ಕೈ ದಾಟಿ ಬರಬೇಕು ಅಂದರೆ ಕೆಲಸ ತಡ ಆಗಲ್ವಾ?"

ಆ ಪ್ರಶ್ನೆಗೂ ಸುತ್ತೋಲೆಯಲ್ಲೇ ಉತ್ತರವಿತ್ತು. ದಿನಕ್ಕೊಮ್ಮೆ ಎಲ್ಲ ಪತ್ರಗಳನ್ನೂ ಒಂದು ಕಟ್ಟು ಮಾಡಿ ಕಳಿಸುವ ಶ್ರಮವಿತ್ತು, ಅಂಚೆ ಸಾಮಾನ್ಯವಾಗಿ ಒಂದು ದಿನ ತಡವಾಗುತ್ತಿತ್ತು ಎಂದು ಜೆಫರ್ಸನ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ತುರ್ತಿನದಾದರೆ ಅದೊಂದನ್ನೇ ಬೇರೆಯಾಗಿ ತೋರಿಸುತ್ತಿದ್ದರು. 'ಜರೂರು' ಎಂಬ ಕೆಂಪು ಚೀಟಿ ಅಂಟಿಸಿಕೊಂಡು ಜವಾನನ ಕೈಯಲ್ಲಿ ಓಡುತ್ತಿದ್ದ ನಮ್ಮ ಕಡತಗಳು ನೆನಪಾದವು.

ಸುತ್ತೋಲೆಯ ಒಂದು ಭಾಗ ನನಗೆ ಹಿಡಿಸಲಿಲ್ಲ. ಹಿಂದಿನ ಅಧ್ಯಕ್ಷ ಜಾನ್ ಆಡಮ್ಸ್ ರಾಜಧಾನಿ ಬಿಟ್ಟು ಬಹುಕಾಲ ದೂರವಿರುತ್ತಿದ್ದುದರಿಂದ ಸರ್ಕಾರ ನಾಲ್ವರು ಸ್ವತಂತ್ರ ಮುಖ್ಯಸ್ಥರ ನಡುವೆ ಹರಿದು ಹಂಚಿಹೋಗಿತ್ತು ಎಂದು ಅಲ್ಲಿ ಬರೆದಿದೆ. ಆಡಮ್ಸ್ ತಿಂಗಳುಗಟ್ಟಲೆ ಕ್ವಿನ್ಸಿಯ ಮನೆಯಲ್ಲಿ ಇರುತ್ತಿದ್ದುದು ನಿಜ. ಆದರೆ ಅವರನ್ನು ಚುನಾವಣೆಯಲ್ಲಿ ಸೋಲಿಸಿ ಬಂದವರು ಈ ಮಾತನ್ನು ಅಧಿಕೃತ ಪತ್ರದಲ್ಲಿ ಸೇರಿಸಬೇಕಾಗಿರಲಿಲ್ಲ. ಕ್ರಮವನ್ನು ಹೇಳುವುದಕ್ಕೆ ವಾಷಿಂಗ್ಟನ್ ಅವರ ಉದಾಹರಣೆಯೇ ಸಾಕಾಗಿತ್ತು.

ಇಷ್ಟು ಶ್ರದ್ಧೆಯಿಂದ ಓಡಾಡಿದ ಕಾಗದಗಳು ಉಳಿದದ್ದಾದರೂ ಹೇಗೆ ಎಂಬುದು ನನ್ನ ಮುಂದಿನ ಪ್ರಶ್ನೆಯಾಯಿತು. ಯುದ್ಧ ಇಲಾಖೆಯ ಕಾಗದಗಳು 1800ರ ನವೆಂಬರಿನಲ್ಲೇ ಬೆಂಕಿಗೆ ಆಹುತಿಯಾಗಿದ್ದವು. ಬ್ರಿಟನ್ನಿನೊಂದಿಗಿನ ಯುದ್ಧದಲ್ಲಿ ಶತ್ರುಸೈನ್ಯ ವಾಷಿಂಗ್ಟನ್ನಿಗೆ ಇಟ್ಟ ಇನ್ನೊಂದು ಬೆಂಕಿಯ ಜಾಡು ಹಿಡಿದು ಮುಂದಿನ ಶನಿವಾರ ನಾವು ವರ್ಜೀನಿಯಾ ರಾಜ್ಯದ ಲೀಸ್‌ಬರ್ಗ್ ಎಂಬ ಊರಿಗೆ ಹೊರಟೆವು.

1814ರ ಆಗಸ್ಟ್ 22ರಂದು, ಮುಂದೊತ್ತಿ ಬರುತ್ತಿದ್ದ ಬ್ರಿಟಿಷ್ ಸೈನ್ಯದ ಮೇಲೆ ಕಣ್ಣಿಡಲು ಹೋಗಿದ್ದ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಮನ್ರೋ ಅವರು ಅಧ್ಯಕ್ಷ ಮ್ಯಾಡಿಸನ್‌ಗೆ ಆತುರದ ಪತ್ರವೊಂದನ್ನು ಕಳಿಸಿದರು. ಶತ್ರು ವಾಷಿಂಗ್ಟನ್ ಕಡೆಗೆ ನುಗ್ಗಿ ಬರುತ್ತಿದ್ದಾನೆ, ಸೇತುವೆಗಳನ್ನು ಕೆಡವಲು ಸಿದ್ಧ ಮಾಡಿಕೊಳ್ಳಿ ಎಂದು ಬರೆದು, ಸಹಿಯಾದ ಮೇಲೆ ಕೆಳಗೆ, ದಾಖಲೆಗಳನ್ನು ಸಾಗಿಸಿಬಿಡುವುದು ಒಳಿತು ಎಂದು ಒಂದು ಸಾಲು ಸೇರಿಸಿದರು. ಕಚೇರಿಗೂ ಅವರಿಂದ ಸೂಚನೆ ಹೋಯಿತು. ಅಲ್ಲಿದ್ದ ಗುಮಾಸ್ತ ಸ್ಟೀಫನ್ ಪ್ಲೆಸೆಂಟನ್ ಒರಟು ನಾರುಬಟ್ಟೆ ಕೊಂಡು ಚೀಲಗಳನ್ನು ಹೊಲಿಸಿದರು. ಸ್ವಾತಂತ್ರ್ಯ ಘೋಷಣೆ, ಸಂವಿಧಾನ, ವಾಷಿಂಗ್ಟನ್ ಅವರ ಪತ್ರವ್ಯವಹಾರ ಎಲ್ಲವನ್ನೂ ಅವುಗಳಲ್ಲಿ ತುಂಬಿಸುತ್ತಿರುವಾಗ ಯುದ್ಧ ಕಾರ್ಯದರ್ಶಿ ಜಾನ್ ಆರ್ಮ್‌ಸ್ಟ್ರಾಂಗ್ ಅದನ್ನು ಕಂಡು, ಇಷ್ಟು ಗಾಬರಿ ಬೇಡ, ಬ್ರಿಟಿಷರು ಇಲ್ಲಿಗೆ ಬರುವ ಯೋಚನೆಯಲ್ಲಿಲ್ಲ ಎಂದರು. ತಮ್ಮ ಅಭಿಪ್ರಾಯ ಬೇರೆ, ಬೆಲೆಯುಳ್ಳ ಕಾಗದಗಳನ್ನು ಕಾಪಾಡುವುದೇ ವಿವೇಕ ಎಂದು ಪ್ಲೆಸೆಂಟನ್ ಉತ್ತರಿಸಿದರು. ಮಂತ್ರಿಯ ಮುಖ ನೋಡಿ ಒಬ್ಬ ಗುಮಾಸ್ತ ಹಾಗೆನ್ನುವುದಕ್ಕೆ ಎಂಥ ಎದೆ ಬೇಕು ಎಂಬುದು ಕಚೇರಿಯಲ್ಲಿ ದುಡಿದವರಿಗೆ ಗೊತ್ತು.

ಚೀಲಗಳು ಗಾಡಿಗಳಲ್ಲಿ ಪೊಟೋಮ್ಯಾಕ್ ನದಿ ದಾಟಿ ಮೊದಲು ಒಂದು ಹಿಟ್ಟಿನ ಗಿರಣಿ ಸೇರಿದವು. ಹತ್ತಿರದಲ್ಲೇ ಫಿರಂಗಿ ಎರಕದ ಕಾರ್ಖಾನೆ ಇದ್ದುದರಿಂದ ಶತ್ರುಗಳು ಅಲ್ಲಿಗೂ ಬಂದಾರು ಎಂದು ಯೋಚಿಸಿದ ಪ್ಲೆಸೆಂಟನ್, ಹಳ್ಳಿಯ ಗಾಡಿಗಳನ್ನು ಹೊಂದಿಸಿಕೊಂಡು 35 ಮೈಲಿ ದೂರದ ಲೀಸ್‌ಬರ್ಗ್‌ಗೆ ಹೊರಟರು. ಅಲ್ಲಿ ಒಂದು ಖಾಲಿ ಮನೆಯಲ್ಲಿ ಚೀಲಗಳನ್ನಿಟ್ಟು ಬೀಗ ಹಾಕಿಸಿ, ದಣಿದು ಬೇಗನೆ ಮಲಗಿಬಿಟ್ಟರು. ಆ ರಾತ್ರಿ ವಾಷಿಂಗ್ಟನ್ ದಿಕ್ಕಿನಲ್ಲಿ ಕಂಡ ಬೆಂಕಿಯ ವಿಷಯ ಅವರಿಗೆ ತಿಳಿದದ್ದು ಬೆಳಿಗ್ಗೆ ಊರಿನವರಿಂದ.

ಲೀಸ್‌ಬರ್ಗ್‌ನ ಹಳೆಯ ಬೀದಿಗಳು ಇಟ್ಟಿಗೆ ಹಾಸಿನ ಕಾಲುದಾರಿಗಳೊಂದಿಗೆ ಅಚ್ಚುಕಟ್ಟಾಗಿವೆ. ದಾಖಲೆಗಳು ಇದ್ದದ್ದು ಊರಾಚೆಯ ರೋಕ್‌ಬಿ ಎಂಬ ಇಟ್ಟಿಗೆ ಮನೆಯಲ್ಲಿ ಎಂಬುದು ಸ್ಥಳೀಯರ ನಂಬಿಕೆ. ಅದು ಖಾಸಗಿ ಸ್ವತ್ತಾದ್ದರಿಂದ ನಾವು ಅತ್ತ ಹೋಗಲಿಲ್ಲ. ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ, ಬುತ್ತಿಯಲ್ಲಿದ್ದ ಚಿತ್ರಾನ್ನ ತಿಂದೆವು.

ಹಿಂದಿರುಗುವಾಗ ಆಶ್‌ಬರ್ನ್ ಸಮೀಪ ಕಿಟಕಿಗಳೇ ಇಲ್ಲದ ದೊಡ್ಡ ಕಟ್ಟಡಗಳು ಸಾಲುಸಾಲಾಗಿ ಎದುರಾದವು. ಅವು ಮಗಳು ದುಡಿಯುವಂಥ ಡೇಟಾ ಸೆಂಟರುಗಳು. ಲೀಸ್‌ಬರ್ಗ್ ಇರುವ ಲೌಡನ್ ಕೌಂಟಿಯಲ್ಲೇ ಇವೂ ಇವೆ. "ಇಲ್ಲಿ ಬೆಂಕಿ ಬಿದ್ದರೆ?" ಎಂದು ಕೇಳಿದೆ.

"ಇನ್ನೊಂದು ಕಡೆ ಪ್ರತಿ ಇರುತ್ತಮ್ಮ."

"ಅವರ ಹತ್ತಿರ ಇದ್ದದ್ದು ಒಂದೊಂದೇ ಪ್ರತಿ" ಎಂದೆ. ಮಗಳು ಕಾರಿನ ವೇಗ ತಗ್ಗಿಸಿ, ಪ್ಲೆಸೆಂಟನ್ ಹೆಸರನ್ನು ಇನ್ನೊಮ್ಮೆ ಹೇಳುವಂತೆ ಕೇಳಿದಳು.